ಭತ್ಯೆಯ ಕೊನೆಯ ವಾರ

ಕೂತಲ್ಲಿಗೇ ದುಡ್ಡು ಬಂದರೆ ಯಾರು ತಾನೇ ಕೆಲಸ ಹುಡುಕುತ್ತಾರೆ? ಈ ಗುಮಾನಿ ನಿರುದ್ಯೋಗ ವಿಮೆಯಷ್ಟೇ ಹಳೆಯದು. 1911ರ ಕಾಯ್ದೆಯಲ್ಲಿ ಕೆಲಸ ಕಳೆದುಕೊಂಡವರಿಗೆ ವಾರಕ್ಕೆ 7 ಶಿಲಿಂಗ್ ಕೊಡಲು ಒಪ್ಪಿದ ಬ್ರಿಟನ್, ವರ್ಷಕ್ಕೆ 15 ವಾರಗಳ ಮಿತಿಯನ್ನೂ ಹಾಕಿತ್ತು. 1921ರಲ್ಲಿ ಮತ್ತೊಂದು ಷರತ್ತು ಬಂತು: ಪ್ರಾಮಾಣಿಕವಾಗಿ ಕೆಲಸ ಹುಡುಕುತ್ತಿದ್ದೇನೆಂದು ಅರ್ಜಿದಾರನೇ ರುಜುವಾತು ಮಾಡಬೇಕು. ಊರಲ್ಲಿ ಕೆಲಸವೇ ಇಲ್ಲವೆಂದು ಗೊತ್ತಿದ್ದೂ ಜನ ಕಾರ್ಖಾನೆಯ ಗೇಟಿನಿಂದ ಗೇಟಿಗೆ ಅಲೆದರು. 1930ರಲ್ಲಿ ಆ ಷರತ್ತು ರದ್ದಾಯಿತು.

ಅದೇ ಹೊತ್ತಿಗೆ ವಿಯೆನ್ನಾ ಬಳಿಯ ಮರಿಯೆಂಥಾಲ್‌ನಲ್ಲಿ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತ್ತು. ಸಂಶೋಧಕರಾದ ಮರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಅಲ್ಲಿನ ಜನ ಏನು ಉಣ್ಣುತ್ತಾರೆ, ಬೀದಿಯಲ್ಲಿ ಎಷ್ಟು ವೇಗವಾಗಿ ನಡೆಯುತ್ತಾರೆ, ಎಷ್ಟು ಸಲ ನಿಲ್ಲುತ್ತಾರೆ ಎಂದೆಲ್ಲ ಬರೆದಿಟ್ಟರು. 1933ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ನಿಯಮಗಳ ಬಿಗಿಯೂ ಕಾಣುತ್ತದೆ. ಮರ ಕಡಿಯಲು ನೆರವಾಗಿ ಒಂದಿಷ್ಟು ಸೌದೆ ಪಡೆದವನ ಭತ್ಯೆ ನಿಂತಿತು. ಹಾಲು ಹಂಚಿ ಮಕ್ಕಳಿಗೆಂದು ಹಾಲು ಪಡೆದವಳದೂ ನಿಂತಿತು. ಕೈಕಟ್ಟಿ ಕೂರುವುದನ್ನು ಇಲ್ಲಿ ಕಲಿಸಿದ್ದು ದುಡ್ಡಲ್ಲ, ಕಾನೂನು.

ಅರ್ಥಶಾಸ್ತ್ರಜ್ಞರು ಹುಡುಕಾಟವನ್ನೇ ಲೆಕ್ಕಕ್ಕೆ ತಂದದ್ದು ತಡವಾಗಿ. ಪ್ರತಿಯೊಬ್ಬನ ಮನಸ್ಸಿನಲ್ಲೂ ‘ಇದಕ್ಕಿಂತ ಕಡಿಮೆಗೆ ಒಲ್ಲೆ’ ಎಂಬ ಒಂದು ಸಂಬಳವಿರುತ್ತದೆ, ಭತ್ಯೆ ಏರಿದರೆ ಅದೂ ಏರುತ್ತದೆ ಎಂಬುದು 1970ರಲ್ಲಿ ಜಾನ್ ಮೆಕಾಲ್ ಕಟ್ಟಿದ ಮಾದರಿಯ ತಿರುಳು. 1977ರಲ್ಲಿ ಡೇಲ್ ಮಾರ್ಟೆನ್ಸನ್ ಇದಕ್ಕೊಂದು ತಿರುವು ಕೊಟ್ಟರು: ಭತ್ಯೆಗೆ ಇನ್ನೂ ಅರ್ಹರಾಗದವರು ಮುಂದೆ ಆ ಹಕ್ಕು ಸಿಗಲೆಂದೇ ಬೇಗ ಕೆಲಸ ಹಿಡಿಯುತ್ತಾರೆ. ಅಂದರೆ ಒಂದೇ ನಿಯಮ ಒಬ್ಬನನ್ನು ತಡೆದರೆ ಇನ್ನೊಬ್ಬನನ್ನು ತಳ್ಳುತ್ತದೆ.

1984ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯ ಆಮಿಷ ಒಡ್ಡಿ ನೋಡಿತು. 11 ವಾರಗಳೊಳಗೆ ಕೆಲಸ ಹಿಡಿದು ನಾಲ್ಕು ತಿಂಗಳು ಉಳಿಸಿಕೊಂಡವರಿಗೆ 500 ಡಾಲರ್. ಭತ್ಯೆ ಪಡೆಯುವ ಅವಧಿ ಸರಾಸರಿ ಒಂದು ವಾರಕ್ಕೂ ಹೆಚ್ಚು ತಗ್ಗಿತು. ತಮಾಷೆಯೆಂದರೆ, ಅರ್ಹರಾದವರಲ್ಲಿ ಅರ್ಧದಷ್ಟು ಮಂದಿಯಷ್ಟೇ ಆ ಹಣ ಕೇಳಿದರು.

ಭತ್ಯೆ ಮುಗಿಯುವ ವಾರಗಳಲ್ಲಿ ನಿರುದ್ಯೋಗಿಗಳು ಪಟ್ಟಿಯಿಂದ ಗುಂಪುಗುಂಪಾಗಿ ಹೊರಬೀಳುವುದನ್ನು 1990ರಲ್ಲಿ ಬ್ರೂಸ್ ಮೇಯರ್ ಅಮೆರಿಕದ ಅಂಕಿಅಂಶಗಳಲ್ಲಿ ತೋರಿಸಿದ್ದರು. ಸೋಮಾರಿತನದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಆದರೆ 2007ರಲ್ಲಿ ಡೇವಿಡ್ ಕಾರ್ಡ್, ರಾಜ್ ಚೆಟ್ಟಿ, ಆಂಡ್ರಿಯಾ ವೆಬರ್ ಆಸ್ಟ್ರಿಯಾದ ಕಡತಗಳಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು: ಹೊರಬಿದ್ದವರು ಹೋದದ್ದೆಲ್ಲಿಗೆ? ಕೆಲಸಕ್ಕೆ ಸೇರಿದವರ ಸಂಖ್ಯೆ ಆ ಹೊತ್ತಿನಲ್ಲಿ ಏರಿದ್ದು ಅಲ್ಪ. ಉಳಿದವರು ಭತ್ಯೆ ನಿಂತಮೇಲೆ ಹೆಸರು ಬರೆಸುವುದನ್ನೇ ಬಿಟ್ಟಿದ್ದರು, ಅಷ್ಟೇ.

ಮರುವರ್ಷ ಚೆಟ್ಟಿ ಇನ್ನೊಂದು ಗಂಟು ಬಿಡಿಸಿದರು. ಭತ್ಯೆ ಹೆಚ್ಚಿದಾಗ ಹುಡುಕಾಟ ಲಂಬಿಸುವುದು ಮುಖ್ಯವಾಗಿ ಉಳಿತಾಯವಿಲ್ಲದವರಲ್ಲಿ. ಅವರ ಅಂದಾಜಿನಲ್ಲಿ ಈ ಪರಿಣಾಮದ ಶೇ 60ರಷ್ಟು ಭಾಗಕ್ಕೆ ಕಾರಣ ಸೋಮಾರಿತನವಲ್ಲ; ಸಿಕ್ಕಿದ್ದಕ್ಕೆ ತಲೆಯಾಡಿಸದೆ ಸರಿಯಾದ ಕೆಲಸಕ್ಕೆ ಕಾಯಲು ಕೈಯಲ್ಲಿ ಕಾಸಿರುವುದು.

ಕರ್ನಾಟಕದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿಗೆ ಈ ಲೆಕ್ಕಗಳನ್ನು ಹಾಗೆಯೇ ಅಂಟಿಸಲಾಗದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಇದು ಕೆಲಸ ಕಳೆದುಕೊಂಡವರಿಗಲ್ಲ, ಓದು ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ.