ಅರಿಶಿನದ ಕರ್ಕ್ಯುಮಿನ್ ವಿಶ್ಲೇಷಣೆ: ಸಹದ್ರಾವಕದ ಆಯ್ಕೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಭಾಗಗಳಲ್ಲಿ ಕಬ್ಬಿನೊಂದಿಗೆ ಅರಿಶಿನವನ್ನೂ ಬೆಳೆಯಲಾಗುತ್ತಿದ್ದು, ಸಾರ ತೆಗೆಯುವ ಘಟಕಗಳು ಅದರ ಕರ್ಕ್ಯುಮಿನ್ ಅಂಶವನ್ನು ನೋಡಿ ಖರೀದಿಸುತ್ತವೆ. ಸದರಿ ಅಂಶವನ್ನು ಸೂಪರ್‌ಕ್ರಿಟಿಕಲ್ ಕ್ರೊಮಟೋಗ್ರಫಿಯಿಂದ ಬೇರ್ಪಡಿಸಿ ಅಳೆಯುವ ಕುರಿತ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಇಂಗಾಲದ ಡೈಆಕ್ಸೈಡ್ ಅನಿಲವು 31 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಸುಮಾರು 74 ಬಾರ್ ಒತ್ತಡವನ್ನು ಮೀರಿದಾಗ ಸೂಪರ್‌ಕ್ರಿಟಿಕಲ್ ಸ್ಥಿತಿಗೆ ಬಂದು ದ್ರಾವಕವಾಗಿ ವರ್ತಿಸುತ್ತದೆ. ಹೆಕ್ಸೇನಿನಂತೆ ಇದು ಅರಿಶಿನದ ಸುಗಂಧ ತೈಲವನ್ನು ಸುಲಭವಾಗಿ ಕರಗಿಸುತ್ತದೆ. ಕರ್ಕ್ಯುಮಿನ್ ಮಾತ್ರ ಅದರಲ್ಲಿ ಅತ್ಯಲ್ಪ ಕರಗುತ್ತದೆ. ಆದ್ದರಿಂದ ಸಹದ್ರಾವಕವನ್ನು ಬೆರೆಸುವುದು ಅವಶ್ಯಕ.

ಪ್ರಯೋಗಾಲಯದ ವಿಶ್ಲೇಷಣೆಗೆ ಸಾಮಾನ್ಯವಾಗಿ ಮೆಥನಾಲನ್ನೇ ಮೊದಲು ಪರಿಶೀಲಿಸಲಾಗುತ್ತದೆ. ಕರ್ಕ್ಯುಮಿನ್ ಹಾಗೂ ಅದರ ಜೊತೆಗಿರುವ ಎರಡು ಸಂಯುಕ್ತಗಳು ಸ್ಪಷ್ಟವಾಗಿ ಬೇರ್ಪಡದಿದ್ದಲ್ಲಿ ಅಲ್ಪ ಪ್ರಮಾಣದ ಆಮ್ಲವನ್ನು ಸೇರಿಸಬಹುದು. ಡೈಈಥೈಲಮೀನಿನಂತಹ ಪ್ರತ್ಯಾಮ್ಲವನ್ನು ಬಳಸತಕ್ಕದ್ದಲ್ಲ. ಕ್ಷಾರೀಯ ಸ್ಥಿತಿಯಲ್ಲಿ ಕರ್ಕ್ಯುಮಿನ್ ವಿಘಟನೆಗೊಂಡು ಅಳತೆ ಕಡಿಮೆ ಬರಬಹುದು; ಆ ನಷ್ಟವು ಕೊನೆಗೆ ಬೆಳೆಗಾರರಿಗೇ ತಟ್ಟುತ್ತದೆ.

ಬೇರ್ಪಡಿಸಿದ ಪದಾರ್ಥವನ್ನು ಆಹಾರಕ್ಕೆ ಬಳಸುವುದಾದಲ್ಲಿ, ಮೆಥನಾಲ್ ವಿಷಕಾರಿಯಾದ ಕಾರಣ ಎಥನಾಲನ್ನು ಆಯ್ದುಕೊಳ್ಳುವುದು ಸೂಕ್ತ. ಸಕ್ಕರೆ ಕಾರ್ಖಾನೆಗಳಿರುವ ಈ ಪ್ರದೇಶದಲ್ಲಿ ಮದ್ಯಸಾರ ಹತ್ತಿರದಲ್ಲೇ ತಯಾರಾಗುತ್ತದೆಯಾದರೂ, ಕುಡಿಯಲು ಬಾರದಂತೆ ಡಿನೇಚರ್ ಮಾಡಿದ ಮದ್ಯಸಾರದಲ್ಲಿ ಮೆಥನಾಲ್ ಇರುವ ಸಾಧ್ಯತೆಯುಂಟು. ಅಗ್ಗವೆಂದು ಅದನ್ನು ಬಳಸಬಾರದು.

ಸಹದ್ರಾವಕದ ಪ್ರಮಾಣ ಹೆಚ್ಚಿದಂತೆ ಮಿಶ್ರಣದ ಕ್ರಿಟಿಕಲ್ ಉಷ್ಣತೆಯೂ ಏರುತ್ತದೆ. ಒತ್ತಡ ಸಾಲದಿದ್ದರೆ ಮಿಶ್ರಣವು ದ್ರವ ಮತ್ತು ಅನಿಲವಾಗಿ ಒಡೆದು ಫಲಿತಾಂಶ ಕೆಡುತ್ತದೆ.