ನಾಲ್ಕು ಫೈನಲ್ ಅಣ್ಣನ ಕೈಲಿ ಸೋತ ಮೇಲೆ: ಫಿನ್ಲೆಂಡ್ ಫ್ಲೋರ್‌ಬಾಲ್ ತಂಡದ ಕಥೆ

ಫ್ಲೋರ್‌ಬಾಲ್ ಅಂದರೆ ಏನು ಅಂತ ನಮ್ಮ ಓದುಗರಲ್ಲಿ ಬಹಳ ಜನ ಕೇಳಬಹುದು. ಹಾಕಿಯಂಥದೇ ಆಟ, ಆದರೆ ಛಾವಣಿ ಕೆಳಗೆ ಆಡುವಂಥದ್ದು. ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ನಮ್ಮೂರ ಶಾಲೆಯ ವಾಲಿಬಾಲ್ ಅಂಗಳಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಉದ್ದ ಅನ್ನಿ. ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಟೊಳ್ಳು, ಮೈಯೆಲ್ಲ ತೂತು, ತೂಕ ಬರೀ 23 ಗ್ರಾಂ. ಒಂದೊಂದು ಕಡೆ ಐವರು ಆಟಗಾರರು, ಒಬ್ಬ ಗೋಲ್‌ಕೀಪರ್. ಗೋಲ್‌ಕೀಪರ್ ಕೈಯಲ್ಲಿ ಕೋಲೇ ಇರುವುದಿಲ್ಲ. ಮಂಡಿಯೂರಿ ಕೂತು ಕೈ, ಎದೆ, ಕಾಲಿನಿಂದಲೇ ಚೆಂಡು ತಡೆಯಬೇಕು.

1986ರಲ್ಲಿ ಸ್ವೀಡನ್, ಫಿನ್ಲೆಂಡ್, ಸ್ವಿಟ್ಜರ್ಲೆಂಡ್ ಸೇರಿ ಈ ಆಟಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದವು. ಹತ್ತು ವರ್ಷಕ್ಕೆ ಗಂಡಸರ ವಿಶ್ವ ಚಾಂಪಿಯನ್‌ಶಿಪ್ ಶುರುವಾಯಿತು. ನಾವು ಹೇಳಹೊರಟಿರುವುದು ಅಲ್ಲಿಂದೀಚೆಗೆ ಫಿನ್ಲೆಂಡ್ ತಂಡ ಪಟ್ಟ ಪಾಡು.

ಅದಕ್ಕೆ ಮೊದಲು ಒಂದು ಮಾತು. ಫಿನ್ಲೆಂಡ್ 1809ರವರೆಗೆ ಸುಮಾರು 600 ವರ್ಷ ಸ್ವೀಡನ್ ರಾಜರ ಆಳ್ವಿಕೆಯಲ್ಲಿತ್ತು. ಇವತ್ತಿಗೂ ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿ ದಾಟಿದ್ದರೆ ಫಿನ್ಲೆಂಡಿನದು 56 ಲಕ್ಷದ ಆಸುಪಾಸು. ಹಾಗಾಗಿ ಸ್ವೀಡನ್ ಎದುರಿನ ಪಂದ್ಯ ಅವರಿಗೆ ಬರೀ ಆಟವಲ್ಲ. ದೊಡ್ಡಣ್ಣನ ಮುಂದೆ ತಲೆ ಎತ್ತಿ ನಿಲ್ಲುವ ಹಟ.

ಆದರೆ ಮೊದಲ ಹತ್ತು ವರ್ಷ ಆ ಹಟ ನಡೆಯಲೇ ಇಲ್ಲ. 1996ರಲ್ಲಿ ಸ್ಟಾಕ್‌ಹೋಮಿನ ಫೈನಲ್ ನೋಡಲು 15 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಫಿನ್ಲೆಂಡ್ ಒಂದೂ ಗೋಲು ಹೊಡೆಯದೆ 0-5ರಲ್ಲಿ ಸೋತಿತು. 1998ರಲ್ಲಿ ಫೈನಲ್ಲೇ ಸಿಗಲಿಲ್ಲ, ಕಂಚು ಸಿಕ್ಕಿತು. 2000ದಲ್ಲಿ 3-5. 2002ರಲ್ಲಿ ತಮ್ಮದೇ ರಾಜಧಾನಿ ಹೆಲ್ಸಿಂಕಿಯಲ್ಲಿ 4-6. 2004ರಲ್ಲಿ ಮತ್ತೆ ಕಂಚು. 2006ರಲ್ಲಿ ಸ್ಟಾಕ್‌ಹೋಮಿನಲ್ಲಿ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, 6-7ರಲ್ಲಿ ಕೈತಪ್ಪಿತು. ಆರು ಕೂಟ, ಆರೂ ಸಲ ಕಪ್ ಸ್ವೀಡನ್ನಿಗೆ.

2008ರಲ್ಲಿ ಪ್ರಾಗ್ ನಗರದಲ್ಲಿ ಮತ್ತೆ ಅದೇ ಎರಡು ತಂಡ, ಮತ್ತೆ ಹೆಚ್ಚುವರಿ ಸಮಯ, ಮತ್ತೆ 7-6. ಈ ಸಲ ಏಳು ಫಿನ್ಲೆಂಡಿನದು! ಎರಡು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ 6-2ರಲ್ಲಿ ಗೆದ್ದು, 2002ರ ಬಾಕಿಯನ್ನೂ ತೀರಿಸಿಕೊಂಡರು. ಆ ಕಾಲದ ತಂಡದಲ್ಲಿದ್ದ ಮಿಕಾ ಕೊಹೊನೆನ್ ಈ ಆಟದ ಅತಿ ದೊಡ್ಡ ಹೆಸರುಗಳಲ್ಲಿ ಒಬ್ಬ.

ಇನ್ನು ಇವರದೇ ಕಾಲ ಅನ್ನುವಷ್ಟರಲ್ಲಿ 2012 ಬಂತು. ಜ್ಯೂರಿಕ್ ಫೈನಲ್ಲಿನಲ್ಲಿ ಸ್ವೀಡನ್ 11, ಫಿನ್ಲೆಂಡ್ 1. ಗೆದ್ದು ರೂಢಿಯಾದ ತಂಡ ಹೀಗೆ ಮುಗ್ಗರಿಸಿದರೆ ಏಳುವುದು ಕಷ್ಟ. ಇವರು ಎದ್ದರು ಅನ್ನುವುದೇ ನಮಗೆ 2008ಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2014ರಲ್ಲಿ ಗೋಥೆನ್‌ಬರ್ಗಿನಲ್ಲಿ ಸೋಲಿನ ಅಂತರ ಒಂದೇ ಗೋಲಿಗೆ ಇಳಿಯಿತು, 2-3. 2016ರಲ್ಲಿ ರಿಗಾದಲ್ಲಿ ಪೆನಾಲ್ಟಿ ಹೊಡೆತಗಳಲ್ಲಿ 4-3ರ ಗೆಲುವು. 2018ರಲ್ಲಿ ಪ್ರಾಗಿನಲ್ಲಿ 6-3.

ಎರಡೇ ದೇಶ ಗೆಲ್ಲುವ ಆಟದ ದಾಖಲೆಗೆ ಏನು ಬೆಲೆ ಅಂತ ಯಾರಾದರೂ ಕೇಳಿದರೆ ತಪ್ಪಿಲ್ಲ. ಗಂಡಸರ ಕಪ್ ಇವೆರಡು ಬಿಟ್ಟು ಬೇರೆ ಯಾರ ಮನೆಗೂ ಹೋಗಿಲ್ಲ. ಒಲಿಂಪಿಕ್ ಸಮಿತಿಯ ಮಾನ್ಯತೆ ಇದ್ದರೂ ಒಲಿಂಪಿಕ್ಸ್‌ನಲ್ಲಿ ಈ ಆಟ ಇಲ್ಲ. ಆದರೂ ಜೆಕ್ ಮತ್ತು ಸ್ವಿಸ್ ತಂಡಗಳು ಬೆನ್ನಿಗೇ ಇವೆ. 2022ರಲ್ಲಿ ಫೈನಲ್ ಆಡಿದ್ದು ಜೆಕ್, ಫಿನ್ಲೆಂಡಿಗೆ ಉಳಿದದ್ದು ಕಂಚು. ಅದಕ್ಕೆ ಹಿಂದಿನ, 2020ರ ಕೂಟ ಕೊರೊನಾದಿಂದಾಗಿ 2021ರ ಡಿಸೆಂಬರಿನಲ್ಲಿ ಹೆಲ್ಸಿಂಕಿಯಲ್ಲಿ ನಡೆದಿತ್ತು. ಅಲ್ಲೂ ಸ್ವೀಡನ್ನೇ ಗೆದ್ದಿತ್ತು, 6-4.

2024ರವರೆಗಿನ ಲೆಕ್ಕ ಹೀಗಿದೆ: 15 ಕೂಟ, 15 ಪದಕ. 5 ಚಿನ್ನ, 7 ಬೆಳ್ಳಿ, 3 ಕಂಚು. ಬರಿಗೈಲಿ ಒಮ್ಮೆಯೂ ಮನೆಗೆ ಹೋಗಿಲ್ಲ. ಏಳು ಬೆಳ್ಳಿಯೂ ಸ್ವೀಡನ್ ಎದುರು ಸೋತು ಬಂದದ್ದೇ.

ಸ್ವೀಡನ್ನಿನ ನೆಲದಲ್ಲಿ ಮಾತ್ರ ಅವರು ಗೆದ್ದಿರಲಿಲ್ಲ. 1996, 2006, 2014, ಮೂರು ಫೈನಲ್, ಮೂರೂ ಸೋಲು. ಐದನೇ ಚಿನ್ನ ಬಂದದ್ದು 2024ರಲ್ಲಿ, ಸ್ವೀಡನ್ನಿನ ಮಾಲ್ಮೋ ನಗರದಲ್ಲಿ, ಫೈನಲ್ಲಿನಲ್ಲಿ ಸ್ವೀಡನ್ನನ್ನೇ ಸೋಲಿಸಿ.