ಶಾಸನಸಭೆಯಲ್ಲಿ ಪ್ರಶ್ನೆ: ಒಂದು ಹಕ್ಕು ಬೆಳೆದುಬಂದ ದಾರಿ

ಶಾಸನಸಭೆಯೆಂಬುದು ಸಂಖ್ಯೆಯಿಂದ ನಡೆಯುವ ಮನೆ. ಮಸೂದೆಯೊಂದು ಕಾನೂನಾಗುವುದು ಸಂಖ್ಯೆಯಿಂದ. ಮುಂಗಡಪತ್ರಕ್ಕೆ ಒಪ್ಪಿಗೆ ದೊರೆಯುವುದು ಸಂಖ್ಯೆಯಿಂದ. ಸರಕಾರ ನಿಲ್ಲುವುದೂ ಬೀಳುವುದೂ ಸಂಖ್ಯೆಯಿಂದಲೇ. ಕೇರಳದ 140 ಸ್ಥಾನಗಳ ವಿಧಾನಸಭೆಯಲ್ಲಿ ಕನ್ನಡಿಗರು ಗಣನೀಯವಾಗಿರುವ ಕ್ಷೇತ್ರಗಳೆಂದು ಹೇಳಬಹುದಾದವು ಮಂಜೇಶ್ವರ ಮತ್ತು ಕಾಸರಗೋಡು ಎರಡೇ. ಅಲ್ಲಿಂದ ಹೋಗುವ ಇಬ್ಬರು ಸದಸ್ಯರು ಯಾವ ಪಕ್ಷದವರೇ ಆಗಿರಲಿ, ಎಷ್ಟೇ ಸಮರ್ಥರಾಗಿರಲಿ, ಉಳಿದ 138 ಮಂದಿ ಒಪ್ಪದಿದ್ದರೆ ಮತದ ಬಲದಿಂದ ಏನನ್ನೂ ಸಾಧಿಸಲಾರರು. ಸೊಲ್ಲಾಪುರ, ತಾಳವಾಡಿ, ಮಡಕಶಿರಗಳ ಕನ್ನಡಿಗರ ಪಾಡೂ ಇದಕ್ಕಿಂತ ಬೇರೆಯಲ್ಲ. ಆದರೆ ಅದೇ ಸದನದಲ್ಲಿ ಪ್ರಶ್ನೋತ್ತರಕ್ಕೆಂದು ಮೀಸಲಾದ ಒಂದು ಗಂಟೆಯಲ್ಲಿ ಮಾತ್ರ ಸಂಖ್ಯೆಗೆ ಬೆಲೆಯಿಲ್ಲ. ಒಬ್ಬನೇ ಸದಸ್ಯನು ಕೇಳಿದ ಪ್ರಶ್ನೆ ಅಂಗೀಕೃತವಾಯಿತೆಂದರೆ ಮಂತ್ರಿಯು ಎದ್ದುನಿಂತು ಉತ್ತರ ಹೇಳಬೇಕು. ಹೇಳಿದ್ದು ಸದನದ ಕಡತದಲ್ಲಿ ಶಾಶ್ವತವಾಗಿ ಉಳಿಯಬೇಕು. ಅಲ್ಪಸಂಖ್ಯಾತರಾದ ನಮಗೆ ಸಂಸದೀಯ ವ್ಯವಸ್ಥೆಯ ಉಳಿದೆಲ್ಲ ಉಪಕರಣಗಳಿಗಿಂತ ಇದು ಹತ್ತಿರದ್ದು. ಆದ್ದರಿಂದಲೇ ಈ ಹಕ್ಕಿನ ಚರಿತ್ರೆಯನ್ನು ಸಂಘದ ಸದಸ್ಯರ ಮುಂದೆ ಸಂಕ್ಷೇಪವಾಗಿ ಇಡಲು ಬಯಸುತ್ತೇವೆ.

ಈ ಪದ್ಧತಿಯ ತವರು ಇಂಗ್ಲೆಂಡ್. 1721ರ ಫೆಬ್ರವರಿ 9ರಂದು ಅಲ್ಲಿನ ಪ್ರಭುಗಳ ಸಭೆಯಲ್ಲಿ ಅರ್ಲ್ ಕೌಪರ್ ಎಂಬವರು ಸರಕಾರವನ್ನು ಕೇಳಿದ್ದು ದಾಖಲೆಯಲ್ಲಿರುವ ಮೊದಲ ಪ್ರಶ್ನೆಯೆನ್ನುತ್ತಾರೆ. ಸೌತ್ ಸೀ ಕಂಪೆನಿ ಮುಳುಗಿ ಸಾವಿರಾರು ಮಂದಿಯ ಹಣ ನೀರುಪಾಲಾಗಿದ್ದ ಕಾಲವದು. ಕಂಪೆನಿಯ ಮುಖ್ಯ ಖಜಾಂಚಿ ದೇಶಬಿಟ್ಟು ಓಡಿಹೋಗಿ ಬ್ರಸೆಲ್ಸ್‌ನಲ್ಲಿ ಸೆರೆಸಿಕ್ಕಿದ್ದಾನೆಂಬ ಸುದ್ದಿ ನಿಜವೇ ಎಂಬುದು ಅವರ ಪ್ರಶ್ನೆ. ಮೊದಲ ಪ್ರಶ್ನೆಯೇ ಜನರ ಹಣದ ಕುರಿತಾದದ್ದು.

ನಮ್ಮ ದೇಶಕ್ಕೆ ಈ ಹಕ್ಕು ಬರುವುದಕ್ಕೆ ಇನ್ನೂ 170 ವರ್ಷಗಳಿಗಿಂತ ಹೆಚ್ಚು ಕಾಯಬೇಕಾಯಿತು. 1892ರ ಕೌನ್ಸಿಲುಗಳ ಕಾಯಿದೆಯು ಪ್ರಶ್ನೆ ಕೇಳುವ ಅವಕಾಶವನ್ನು ಮೊದಲ ಬಾರಿಗೆ ಸದಸ್ಯರಿಗೆ ನೀಡಿತು. ಅದನ್ನು ಮೊದಲು ಬಳಸಿದವರು ಅವಧ ಸೀಮೆಯ ಭಿಂಗಾದ ರಾಜರು, 1893ರ ಫೆಬ್ರವರಿ 16ರಂದು, ವೈಸರಾಯರ ಶಾಸನಸಭೆಯಲ್ಲಿ. ರಾಜರೊಬ್ಬರು ಕೇಳುವ ಪ್ರಶ್ನೆ ಯಾವುದಿರಬಹುದು? ಬಿರುದುಬಾವಲಿಗಳದ್ದೆಂದು ಯಾರಾದರೂ ಊಹಿಸಬಹುದು. ಅವರು ಕೇಳಿದ್ದು ಹಳ್ಳಿಯ ಅಂಗಡಿಯವರ ಕಷ್ಟವನ್ನು ಕುರಿತು. ಸರಕಾರದ ಅಧಿಕಾರಿಗಳು ಸವಾರಿ ಹೊರಟು ಊರೂರುಗಳಲ್ಲಿ ಮೊಕ್ಕಾಂ ಹೂಡುವಾಗ ಬೇಕಾದ ಸಾಮಾನನ್ನು ಒದಗಿಸುವ ಭಾರ ಊರಿನ ಸಣ್ಣ ವ್ಯಾಪಾರಿಗಳ ತಲೆಯ ಮೇಲೆ ಬೀಳುತ್ತಿತ್ತು. ಸಾಹೇಬರ ಮೊಕ್ಕಾಮಿನ ಕಥೆಗಳನ್ನು ನಮ್ಮ ಹಿರಿಯರ ಬಾಯಿಂದ ಕೇಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯವನ ದೂರು ಅಂಗಡಿಯ ಹಲಗೆಯಿಂದಾಚೆ ಹೋಗುತ್ತಿರಲಿಲ್ಲ. ಆ ದಿನ ಅದು ಸಾಮ್ರಾಜ್ಯದ ಅತ್ಯುನ್ನತ ಸಭೆಯ ಕಡತವನ್ನು ಸೇರಿತು.

ಆದರೂ ಅಂದಿನ ಹಕ್ಕು ಕುಂಟುಹಕ್ಕು. ಉತ್ತರ ಬಂದ ಮೇಲೆ ಅದರ ಮೇಲೆ ಮತ್ತೊಂದು ಪ್ರಶ್ನೆ ಕೇಳುವಂತಿರಲಿಲ್ಲ, ಚರ್ಚೆಯಂತೂ ಇಲ್ಲ. ಬರೆದು ತಂದ ಉತ್ತರವನ್ನು ಅಧಿಕಾರಿ ಓದಿ ಕುಳಿತರೆ ಅಲ್ಲಿಗೆ ಮುಗಿಯಿತು. 1909ರ ಮಿಂಟೋ-ಮಾರ್ಲೆ ಸುಧಾರಣೆಯು ಮೂಲ ಪ್ರಶ್ನೆ ಕೇಳಿದ ಸದಸ್ಯನಿಗೆ ಮಾತ್ರ ಉಪಪ್ರಶ್ನೆಯ ಅವಕಾಶ ಕೊಟ್ಟಿತು. 1919ರ ಕಾಯಿದೆಯ ಬಳಿಕ ಅದು ಎಲ್ಲ ಸದಸ್ಯರಿಗೂ ದೊರೆಯಿತು. ಕಲಾಪದ ಮೊದಲ ಗಂಟೆ ಪ್ರಶ್ನೆಗಳಿಗೆ ಮೀಸಲಾಯಿತು. 1921ರಿಂದ ಬಾಯಿಮಾತಿನ ಉತ್ತರ ಬಯಸುವ ಪ್ರಶ್ನೆಗಳಿಗೆ ಚುಕ್ಕೆ ಗುರುತು ಹಾಕುವ ಕ್ರಮ ಬಂತು. ಮುಂದೆ ಕೇಂದ್ರ ಶಾಸನಸಭೆಯಲ್ಲಿ ಮದರಾಸಿನ ಎಸ್. ಸತ್ಯಮೂರ್ತಿಯವರು ಉಪಪ್ರಶ್ನೆಗಳಿಗೇ ಹೆಸರಾದರು. ಆಡಳಿತದ ಮೇಲೆ ಅಧಿಕಾರವಿಲ್ಲದ ಪ್ರತಿನಿಧಿಗಳಿಗೆ ಆಡಳಿತವನ್ನು ತಡವರಿಸುವಂತೆ ಮಾಡಲು ಉಪಪ್ರಶ್ನೆಯೊಂದೇ ಸಾಕಾಗುತ್ತಿತ್ತು.

ಇಲ್ಲಿ ಮೈಸೂರನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ. ಬ್ರಿಟಿಷ್ ಇಂಡಿಯಕ್ಕೆ ಪ್ರಶ್ನೆಯ ಹಕ್ಕು ಬರುವುದಕ್ಕಿಂತ ಹನ್ನೊಂದು ವರ್ಷ ಮೊದಲೇ, 1881ರ ಅಕ್ಟೋಬರ್ 7ರಂದು, ದಿವಾನ್ ರಂಗಾಚಾರ್ಲು ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. 144 ಮಂದಿ ಪ್ರತಿನಿಧಿಗಳು. ಅವರು ಜನಸಾಮಾನ್ಯರು ಮತ ಕೊಟ್ಟು ಕಳುಹಿಸಿದವರಲ್ಲ. ಜಮೀನುದಾರರೂ ವರ್ತಕರೂ ಆದ ಅನುಕೂಲಸ್ಥರು. ಸಭೆಗೆ ಶಾಸನ ಮಾಡುವ ಅಧಿಕಾರವೂ ಇರಲಿಲ್ಲ. ಆದರೆ ದಸರೆಯ ಸಮಯದಲ್ಲಿ ದಿವಾನರು ವರ್ಷದ ಆಡಳಿತದ ವರದಿಯನ್ನು ಅವರ ಮುಂದಿಡುತ್ತಿದ್ದರು, ಅವರು ತಮ್ಮ ಊರುಗಳ ಕುಂದುಕೊರತೆಗಳನ್ನು ದಿವಾನರ ಮುಂದಿಡುತ್ತಿದ್ದರು. ಪ್ರಶ್ನೆಯೆಂಬ ಹೆಸರಿರಲಿಲ್ಲವಾದರೂ ಆಳುವವರು ಆಳಿಸಿಕೊಳ್ಳುವವರ ಎದುರು ಲೆಕ್ಕ ಒಪ್ಪಿಸುವ ಪಾಠ ಕನ್ನಡನಾಡಿನಲ್ಲಿ ಅಲ್ಲಿಂದ ಆರಂಭವಾಯಿತೆನ್ನಬೇಕು. 1907ರಲ್ಲಿ ಸ್ಥಾಪಿತವಾದ ಮೈಸೂರು ನ್ಯಾಯವಿಧಾಯಕ ಸಭೆಗೆ ಪ್ರಶ್ನೆ ಕೇಳುವ ಹಕ್ಕು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ದೊರೆಯಿತು. ಆಗ ನಮ್ಮ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮದರಾಸಿನ ಆಡಳಿತದಲ್ಲಿತ್ತು. ನಮ್ಮ ಪ್ರಶ್ನೆಗಳು ಮದರಾಸಿಗೆ ಹೋಗಬೇಕಿತ್ತು; 1956ರ ನವೆಂಬರ್ 1ರಿಂದ ತಿರುವನಂತಪುರಕ್ಕೆ ಹೋಗತೊಡಗಿದವು.

ಈಗಿನ ಕ್ರಮವನ್ನು ಲೋಕಸಭೆಯ ಉದಾಹರಣೆಯಿಂದ ವಿವರಿಸಬಹುದು. ಸದಸ್ಯನು 15 ದಿನಗಳ ಮೊದಲು ಲಿಖಿತ ಸೂಚನೆ ಕೊಡಬೇಕು. ಪ್ರಶ್ನೆ 150 ಪದಗಳನ್ನು ಮೀರಬಾರದು. ಅದರಲ್ಲಿ ವಾದ, ವ್ಯಂಗ್ಯ, ನಿಂದೆ, ಊಹೆ ಇರಬಾರದು. ಪ್ರಶ್ನೆಪತ್ರಿಕೆ ತಯಾರಿಸಿ ಅಭ್ಯಾಸವಿದ್ದ ನಮಗೆ ಈ ನಿಯಮಗಳನ್ನು ಓದಿದಾಗಲೆಲ್ಲ, ಇವನ್ನು ಬರೆದವರು ಹಿಂದೆ ಶಾಲಾ ಮಾಸ್ತರರಾಗಿದ್ದಿರಬೇಕೆಂದು ಅನಿಸುವುದುಂಟು. ಬಂದ ಸೂಚನೆಗಳನ್ನು ಚೀಟಿ ಎತ್ತಿ ಸರದಿಗೆ ಹಾಕುತ್ತಾರೆ. ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಗಳು 20. ಚುಕ್ಕೆ ಗುರುತಿಲ್ಲದವು 230, ಅವಕ್ಕೆ ಲಿಖಿತ ಉತ್ತರ ಮಾತ್ರ. 20ರಲ್ಲಿಯೂ ಬಾಯಿಮಾತಿನ ಉತ್ತರದವರೆಗೆ ಬರುವವು ಕೆಲವೇ. ಮೂಲ ಪ್ರಶ್ನೆಯ ಉತ್ತರವನ್ನು ಇಲಾಖೆಯವರು ಮೊದಲೇ ಅಚ್ಚುಕಟ್ಟಾಗಿ ಬರೆದು ಕೊಟ್ಟಿರುತ್ತಾರೆ, ಅದನ್ನು ಓದಲು ಯಾವ ಮಂತ್ರಿಗೂ ಕಷ್ಟವಿಲ್ಲ. ಉಪಪ್ರಶ್ನೆ ಏನು ಬರುವುದೆಂದು ಮಾತ್ರ ಯಾರಿಗೂ ತಿಳಿದಿರುವುದಿಲ್ಲ. ಮಂತ್ರಿಯು ತನ್ನ ಇಲಾಖೆಯನ್ನು ಬಲ್ಲನೋ ಇಲ್ಲವೋ ಎಂಬುದು ಆಗ ಇಡೀ ಸದನಕ್ಕೆ ತಿಳಿದುಹೋಗುತ್ತದೆ.

ಪ್ರಶ್ನೆಯ ಶಕ್ತಿಯೇನೆಂಬುದನ್ನು ದೇಶ ಕಂಡದ್ದು ಮುಂಧ್ರಾ ಪ್ರಕರಣದಲ್ಲಿ. 1956ರ ಸೆಪ್ಟೆಂಬರಿನಲ್ಲಿ ಖಾಸಗಿ ವಿಮಾ ಸಂಸ್ಥೆಗಳನ್ನೆಲ್ಲ ಒಗ್ಗೂಡಿಸಿ ಜೀವ ವಿಮಾ ನಿಗಮ ಸ್ಥಾಪಿತವಾಗಿತ್ತು. ಮರುವರ್ಷವೇ ಆ ನಿಗಮವು ಕಲ್ಕತ್ತೆಯ ಉದ್ಯಮಿ ಹರಿದಾಸ ಮುಂಧ್ರಾ ಅವರ ಹಿಡಿತದಲ್ಲಿದ್ದ, ಸ್ಥಿತಿ ಹದಗೆಟ್ಟ ಆರು ಕಂಪೆನಿಗಳ ಪಾಲುಪತ್ರಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಆ ಹಣ ಪಾಲಿಸಿದಾರರದು; ತಿಂಗಳ ಸಂಬಳದಲ್ಲಿ ಉಳಿಸಿ ಕಂತು ಕಟ್ಟಿದ ಗುಮಾಸ್ತ, ಮಾಸ್ತರರದು. ಹಣ ಹೂಡಿಕೆಯ ಬಗ್ಗೆ ಸಲಹೆ ಕೊಡಲೆಂದೇ ಇದ್ದ ಸಮಿತಿಯನ್ನು ಮೊದಲು ಕೇಳಿರಲಿಲ್ಲ. ವಿಷಯವು ಲೋಕಸಭೆಯಲ್ಲಿ ಪ್ರಶ್ನೆಯ ರೂಪದಲ್ಲಿ ತಲೆಯೆತ್ತಿತು. ಸರಕಾರದ ಉತ್ತರಗಳು ಸದಸ್ಯರಿಗೆ ಸಮಾಧಾನ ತರಲಿಲ್ಲ. ಒಂದು ಉತ್ತರವು ಮತ್ತೊಂದು ಪ್ರಶ್ನೆಗೆ ದಾರಿಮಾಡಿತು. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ದಾಖಲೆಗಳನ್ನು ಕೈಯಲ್ಲಿ ಹಿಡಿದು ಸದನದಲ್ಲಿ ಚರ್ಚೆಯನ್ನೇ ಎತ್ತಿದರು. ಅವರು ವಿರೋಧಪಕ್ಷದವರಲ್ಲ, ಆಳುವ ಕಾಂಗ್ರೆಸ್ಸಿನ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ. ಎದುರಿಗೆ ಕುಳಿತವರು ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ. (ಆ ಲೋಕಸಭೆಯಲ್ಲಿ ಕಾಸರಗೋಡಿನ ಪ್ರತಿನಿಧಿಯಾಗಿದ್ದವರು ಎ. ಕೆ. ಗೋಪಾಲನ್ ಎಂಬುದನ್ನು ಇಂದಿನ ಮಕ್ಕಳು ತಿಳಿದಿರಲೆಂದು ಇಲ್ಲಿ ಸೇರಿಸುತ್ತಿದ್ದೇವೆ.)

ವಿಚಾರಣೆಗೆ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ನೇಮಕಗೊಂಡರು. ಅವರು ವಿಚಾರಣೆಯನ್ನು ಬಹಿರಂಗವಾಗಿಯೇ ನಡೆಸಿದರು. ಒಳಗೆ ಜಾಗ ಸಿಗದ ಜನರಿಗೆ ಕೇಳಿಸಲೆಂದು ಹೊರಗೆ ಧ್ವನಿವರ್ಧಕಗಳನ್ನು ಕಟ್ಟಬೇಕಾಯಿತು. 1958ರ ಫೆಬ್ರವರಿ 10ರೊಳಗೆ ವರದಿ ಸಿದ್ಧ. ಇಂದಿನ ಆಯೋಗಗಳ ಅವಧಿಯನ್ನು ಬಲ್ಲವರು ಇದನ್ನು ನಂಬಲಾರರು. ಕಾರ್ಯದರ್ಶಿ ಮಾಡಿದ ಕೆಲಸದ ಸಾಂವಿಧಾನಿಕ ಹೊಣೆಯಿಂದ ಮಂತ್ರಿ ನುಣುಚಿಕೊಳ್ಳಲಾಗದೆಂದು ಛಾಗ್ಲಾ ಹೇಳಿದರು. ಅದೇ ತಿಂಗಳು ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಇದರಲ್ಲಿ ಯಾವ ಹಂತದಲ್ಲಿಯೂ ಸರಕಾರದ ಬಹುಮತಕ್ಕೆ ಧಕ್ಕೆ ಬಂದಿರಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಹಕ್ಕಿಗೆ ಕಳಂಕ ತಗುಲಿದ ದಿನಗಳೂ ಇವೆ. ಮುಂಬಯಿಯ ಚಿನಿವಾರರ ಸಂಘದಿಂದ ಹಣ ಪಡೆದು ಅವರ ಪರವಾಗಿ ಪ್ರಶ್ನೆ ಕೇಳಿದ ಆರೋಪಕ್ಕೆ ಗುರಿಯಾಗಿ ಎಚ್. ಜಿ. ಮುದ್ಗಲ್ ಎಂಬ ಸದಸ್ಯರು 1951ರಲ್ಲಿ ಸ್ಥಾನ ಬಿಡಬೇಕಾಯಿತು. 2005ರ ಡಿಸೆಂಬರಿನಲ್ಲಿ ಇದೇ ಬಗೆಯ ತಪ್ಪಿಗಾಗಿ ಎರಡೂ ಸದನಗಳಿಂದ ಒಟ್ಟು 11 ಮಂದಿ ಉಚ್ಚಾಟಿತರಾದರು. 1962ರ ಚೀನಾ ಯುದ್ಧದಲ್ಲಿ, 1975ರ ತುರ್ತುಪರಿಸ್ಥಿತಿಯಲ್ಲಿ, 2020ರ ಸಾಂಕ್ರಾಮಿಕದ ಮಳೆಗಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟದ್ದುಂಟು. ಇನ್ನು ಗದ್ದಲದಿಂದ ಸದಸ್ಯರೇ ಅದನ್ನು ಕಳೆದುಕೊಂಡ ದಿನಗಳಿಗೆ ಲೆಕ್ಕವಿಲ್ಲ. ಮಂತ್ರಿಗಳು ಅದಕ್ಕಾಗಿ ದುಃಖಪಟ್ಟಿರಲಾರರೆಂದು ನಮ್ಮ ಅಭಿಪ್ರಾಯ.

ಈಗ ನಮ್ಮ ನೆಲಕ್ಕೆ ಬರೋಣ. 1957ರ ಕೇರಳದ ಪ್ರಥಮ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರ ಬಳಿಕ ಕೆ. ಮಹಾಬಲ ಭಂಡಾರಿ, 1967ರಲ್ಲಿ ಕಾಸರಗೋಡಿನಿಂದ ಯು. ಪಿ. ಕುಣಿಕುಳ್ಳಾಯ ಕನ್ನಡಿಗರ ದನಿಯಾಗಿ ಸದನಕ್ಕೆ ಹೋದರು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದ್ದೂ 1967ರಲ್ಲಿಯೇ. ಅದರ ಗತಿ ಎಲ್ಲರಿಗೂ ತಿಳಿದಿದೆ. ಸದನದ ಭಾಷೆಯಲ್ಲಿ ತನ್ನ ಮನದ ಮಾತನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದೆಂದು ಸಂವಿಧಾನದ 210ನೆಯ ವಿಧಿ ಹೇಳುತ್ತದೆ. 1969ರ ಕೇರಳದ ಆಡಳಿತ ಭಾಷಾ ಕಾಯಿದೆಯು ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲಿ ಬರೆದು ಕನ್ನಡದಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. 2021ರಲ್ಲಿ ಮಂಜೇಶ್ವರದ ಶಾಸಕರು ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದ್ದನ್ನು ಕಂಡು ನಾವೆಲ್ಲ ಸಂತೋಷಪಟ್ಟೆವು. ಕಾಗದದ ಮೇಲಿನ ಹಕ್ಕುಗಳಿಗೆ ಕೊರತೆಯಿಲ್ಲ. ಅವು ನಡೆಯುತ್ತಿವೆಯೇ ಎಂದು ಕೇಳುವವರು ಬೇಕು.

ಕೇಳಿದರೆ ಏನಾಗುತ್ತದೆಂಬುದನ್ನು ನಾವು ಮುಖ್ಯೋಪಾಧ್ಯಾಯರ ಮೇಜಿನ ಈಚೆಯಿಂದ ಕಂಡಿದ್ದೇವೆ. ಅಧಿವೇಶನದ ದಿನಗಳಲ್ಲಿ ಮೇಲಿನ ಕಚೇರಿಯಿಂದ ಜರೂರು ಸಂದೇಶ ಬರುವುದಿತ್ತು: ನಿಯಮಸಭೆಯ ಪ್ರಶ್ನೆಯಿದೆ, ಕನ್ನಡ ಡಿವಿಷನುಗಳೆಷ್ಟು, ಮಕ್ಕಳೆಷ್ಟು, ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಸಂಜೆಯೊಳಗೆ ತಲಪಬೇಕು. ಕೂಡಲೇ ಹಾಜರಿ ಪುಸ್ತಕಗಳನ್ನು ತರಿಸಿ, ಎಣಿಸಿ, ಸಹಿ ಹಾಕಿ, ಪ್ಯೂನಿನ ಕೈಯಲ್ಲಿ ಕೊಟ್ಟು ಬಸ್ಸು ಹತ್ತಿಸುತ್ತಿದ್ದೆವು. ಅದೇ ಅಂಕಿಗಳನ್ನು ಪ್ರತಿವರ್ಷ ಕ್ರಮವಾಗಿ ಕಳುಹಿಸುತ್ತಲೇ ಇದ್ದೆವು. ಆಗ ಯಾರೂ ಮರುಮಾತು ಬರೆದವರಿಲ್ಲ. ಸದನದಲ್ಲಿ ಒಬ್ಬರು ಕೇಳಿದರೆಂದಾಗ ಮಾತ್ರ ಆ ಅಂಕಿಗಳನ್ನು ಓದಲಾಯಿತು. ಕನ್ನಡ ತಿಳಿಯದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬರುವ ಸಂಗತಿ ನಮ್ಮ ಮಕ್ಕಳ ಓದನ್ನೇ ಕೆಡಿಸುವಂಥದು. ಅದರ ಬಗ್ಗೆ ನಮ್ಮ ಸಂಘಸಂಸ್ಥೆಗಳು ಕೊಟ್ಟ ಮನವಿಗಳನ್ನು ಪೇರಿಸಿದರೆ ಆಳೆತ್ತರವಾದೀತು. ಮನವಿಗೆ ಉತ್ತರ ಕೊಡದಿದ್ದರೂ ನಡೆಯುತ್ತದೆ. ಅದೇ ವಿಷಯವನ್ನು ಶಾಲೆಯ ಹೆಸರು, ತರಗತಿ, ಹುದ್ದೆ, ದಿನಾಂಕಗಳೊಡನೆ ನಾಲ್ಕು ಸಾಲಿನ ಪ್ರಶ್ನೆಯಾಗಿ ಬರೆದು, ಅಧಿವೇಶನಕ್ಕೆ ಸಾಕಷ್ಟು ಮೊದಲೇ ಶಾಸಕರ ಕೈಗಿತ್ತರೆ ಇಲಾಖೆ ಏನಾದರೊಂದನ್ನು ಲಿಖಿತವಾಗಿ ಹೇಳಲೇಬೇಕಾಗುತ್ತದೆ.

ಹಲವು ಸಲ ಆ ಉತ್ತರ 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂದಿರುತ್ತದೆ. ಇದನ್ನು ಕಂಡು ನಿರಾಶರಾಗುವವರಿದ್ದಾರೆ. ಆದರೆ ಸಂಸದೀಯ ಕ್ರಮದಲ್ಲಿ ಇಂಥ ಮಾತನ್ನು ಸರಕಾರದ ಭರವಸೆಯೆಂದು ಎಣಿಸುತ್ತಾರೆ. ಲೋಕಸಭೆಯಲ್ಲಿ ಇಂಥ ಭರವಸೆಗಳ ಬೆನ್ನುಹತ್ತಲೆಂದೇ 1953ರಲ್ಲಿ ಒಂದು ಸಮಿತಿ ಏರ್ಪಟ್ಟಿತು. ಮೂರು ತಿಂಗಳೊಳಗೆ ಭರವಸೆ ಈಡೇರಬೇಕೆಂಬುದು ಅಲ್ಲಿಯ ಕ್ರಮ. ಕೇರಳದ ಸದನದಲ್ಲಿಯೂ ಅಂಥ ಸಮಿತಿಯಿದೆ. ಉತ್ತರದ ಪ್ರತಿಯನ್ನು ಶಾಸಕರಿಂದ ಪಡೆದು ದಿನಾಂಕದೊಡನೆ ಸಂಘದ ಕಡತದಲ್ಲಿ ಇಟ್ಟುಕೊಂಡರೆ, ಮುಂದಿನ ಅಧಿವೇಶನದಲ್ಲಿ ಅದೇ ದಿನಾಂಕವನ್ನು ಉಲ್ಲೇಖಿಸಿ ಮತ್ತೆ ಕೇಳಿಸಬಹುದು.